ಕೆಲಸವಿಲ್ಲದವರ ಊರು

ನನಗೆ ಆ ಕೆಲಸ ಸಿಕ್ಕಿದ್ದು ನಾನು ಹಳ್ಳಿಯವಳು ಎಂಬ ಕಾರಣಕ್ಕೆ. ನಾನು ಹಳ್ಳಿಯವಳಲ್ಲ. ಹುಟ್ಟಿ ಬೆಳೆದದ್ದು ಮೈಸೂರಿನ ಪೇಟೆಯ ನಡುವೆ. ಕೆಳಗೆ ಬಟ್ಟೆ ಅಂಗಡಿ, ಮೇಲೆ ನಮ್ಮ ಮನೆ. ಮಂಡ್ಯದ ಕಡೆಯ ಸಂಬಂಧಿಕರೊಬ್ಬರ ಮನೆಯ ಮುಂಜಿಗೆಂದು ಒಮ್ಮೆ ಮೂರು ದಿನ ಹಳ್ಳಿಯಲ್ಲಿದ್ದೆ, ಅದರಲ್ಲಿ ಎರಡು ದಿನ ಹೊಟ್ಟೆ ಕೆಟ್ಟು ಮಲಗಿದ್ದೆ. ಆದರೆ ಎಮರಿವಿಲ್‌ನ ಆ ಆಫೀಸಿನಲ್ಲಿ ನನ್ನನ್ನು ಸಂದರ್ಶನ ಮಾಡಿದ ಪ್ರೊಫೆಸರು, "ಇಂಡಿಯಾದವರು ಅಂದಮೇಲೆ ಹಳ್ಳಿ ವಿಷಯ ನಿಮಗೆ ಹೇಳಿಕೊಡಬೇಕಾಗಿಲ್ಲ" ಎಂದು ತಾವೇ ಹೇಳಿ ತಾವೇ ಖುಷಿಪಟ್ಟರು. ಆ ಖುಷಿ ಕೆಡಿಸಲು ನನಗೆ ಮನಸ್ಸು ಬರಲಿಲ್ಲ. ಹೂಂ ಅಂದೆ.

ಇದು ಎಂಬತ್ತರ ದಶಕದ ಮಾತು. ನಾವಿದ್ದದ್ದು ಫ್ರೀಮಾಂಟಿನ ಒಂದು ಅಪಾರ್ಟ್‌ಮೆಂಟಿನಲ್ಲಿ. ಗಂಡ ಚಿಪ್ ತಯಾರಿಸುವ ಕಂಪನಿಯಲ್ಲಿ ಇಂಜಿನಿಯರು. ನನಗೆ ಮೊದಲ ಐದು ವರ್ಷ ಕೆಲಸ ಮಾಡುವ ಪರವಾನಗಿಯೇ ಇರಲಿಲ್ಲ. ಗ್ರೀನ್ ಕಾರ್ಡು ಬಂದ ಮೇಲೆ ಅರ್ಥಶಾಸ್ತ್ರದ ನನ್ನ ಎಂ.ಎ. ಪದವಿಯ ಧೂಳು ಕೊಡವಿ, ಸಿಕ್ಕಿದ ಮೊದಲ ಕೆಲಸವನ್ನು ಹಿಡಿದುಕೊಂಡೆ. ಬೆಳಿಗ್ಗೆ ಒಂದು ರೈಲು, ಆಮೇಲೆ ಒಂದು ಬಸ್ಸು, ಕೊನೆಗೆ ಬಣ್ಣದ ಕಾರ್ಖಾನೆಯೊಂದನ್ನು ಆಫೀಸು ಮಾಡಿಕೊಂಡಿದ್ದ ಹಳೆಯ ಕಟ್ಟಡ. ಕಿಟಕಿಯಲ್ಲಿ ಫ್ರೀವೇ ಕಾಣುತ್ತಿತ್ತು, ಅದರಾಚೆ ಕೊಲ್ಲಿಯ ಕೆಸರು. ಅಲ್ಲಿ ಕುಳಿತು ನಾವು ತೀರ್ಮಾನಿಸಬೇಕಾಗಿದ್ದದ್ದು, ಇಂಡೊನೇಷ್ಯಾದ ಜಾವಾ ದ್ವೀಪದ ಒಂದು ಪುಟ್ಟ ಹಳ್ಳಿಗೆ ಭವಿಷ್ಯವಿದೆಯೋ ಇಲ್ಲವೋ ಎಂಬುದನ್ನು.

ಉತ್ಪ್ರೇಕ್ಷೆಯಲ್ಲ. ವರದಿಯ ಕೊನೆಯ ಪುಟದಲ್ಲಿ "ಊರಿನ ಭವಿಷ್ಯ" ಎಂಬ ಶೀರ್ಷಿಕೆ, ಅದರ ಕೆಳಗೆ ಮೂರು ಚೌಕ: ಒಳ್ಳೆಯದು, ಸಾಧಾರಣ, ಇಲ್ಲ. ಒಂದಕ್ಕೆ ಗುರುತು ಹಾಕಬೇಕು. ವರದಿ ಕೇಳಿದ್ದ ದೊಡ್ಡ ಸಂಸ್ಥೆ ಆ ಗುರುತನ್ನು ನೋಡಿ ಮುಂದಿನದನ್ನು ಮಾಡುತ್ತದೆ. "ಇಲ್ಲ" ಎಂದರೆ, ಊರಿನವರನ್ನು ದೂರದ ಇನ್ನೊಂದು ದ್ವೀಪದ ಕಾಡು ಕಡಿದ ಜಾಗಕ್ಕೆ ಸಾಗಿಸಿ ಹೊಸ ಮನೆ ಕೊಡುತ್ತಾರೆ. "ಸಾಧಾರಣ" ಎಂದರೆ, ಊರಿಗೂ ಶಾಲೆಗೂ ನಡುವೆ ಹರಿಯುವ ಹೊಳೆಗೆ ಒಂದು ಗಟ್ಟಿ ಸೇತುವೆ. "ಒಳ್ಳೆಯದು" ಎಂದರೆ ಏನು ಮಾಡುತ್ತಾರೆಂದು ಕೇಳಿದೆ. ಅದುವರೆಗೆ ಯಾವ ಊರಿಗೂ ಆ ಚೌಕ ಸಿಕ್ಕಿಲ್ಲವಾದ್ದರಿಂದ ಗೊತ್ತಿಲ್ಲ ಎಂದರು ಪ್ರೊಫೆಸರು.

ಪ್ರೊಫೆಸರು ಒಳ್ಳೆಯವರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಹೇಳುವುದರಲ್ಲಿ ಇದು ಮರೆತುಹೋಗಬಹುದು. ಆರಡಿ ಮೇಲೆ ಎತ್ತರದ ಮನುಷ್ಯ, ಆಫೀಸಿನಲ್ಲಿ ಚಪ್ಪಲಿ ಬಿಟ್ಟು ಓಡಾಡುತ್ತಿದ್ದರು, ಎಲ್ಲರ ಹುಟ್ಟುಹಬ್ಬವನ್ನೂ ನೆನಪಿಟ್ಟುಕೊಳ್ಳುತ್ತಿದ್ದರು. ಆ ಊರಿನಲ್ಲಿ ಅವರು ಮೂರು ವಾರ ಇದ್ದು ಬಂದಿದ್ದರು. ಊರಿನವರು ಅವರನ್ನು ಹೆಗಲ ಮೇಲೆ ಹೊತ್ತು ಹೊಳೆ ದಾಟಿಸಿದ್ದರಂತೆ. "ಎಷ್ಟೊತ್ತಿಗೆ ಯಾರ ಮನೆಗೆ ಹೋದರೂ ಚಾಪೆ ಹಾಸಿ, ಟೀ ಕೊಟ್ಟು, ನನ್ನ ಜೊತೆ ಎರಡು ಗಂಟೆ ಕೂತಿರುತ್ತಿದ್ದರು. ಪಾಪ, ಅವರಿಗೆ ಮಾಡಲು ಬೇರೇನೂ ಇಲ್ಲ" ಎಂದು ಬಹಳ ಕನಿಕರದಿಂದ ಹೇಳುತ್ತಿದ್ದರು.

ನನ್ನ ಜೊತೆ ಕೂರುತ್ತಿದ್ದವನು ಜಾವಾದ ಒಬ್ಬ ವಿದ್ಯಾರ್ಥಿ. ಇಪ್ಪತ್ತೇಳು ವರ್ಷ, ಸಣಕಲು ಮೈ, ಬಿಳಿ ಅಂಗಿಯ ಕೊನೆಯ ಗುಂಡಿಯನ್ನೂ ಹಾಕಿಕೊಂಡು ಬರುತ್ತಿದ್ದ. ಹತ್ತಿರದ ವಿಶ್ವವಿದ್ಯಾಲಯದಲ್ಲಿ ಓದುತ್ತ ಅರ್ಧ ದಿನ ಇಲ್ಲಿ ದುಡಿಯುತ್ತಿದ್ದ. ನನ್ನನ್ನು "ಇಬು" ಎಂದು ಕರೆಯುತ್ತಿದ್ದ. ಹಾಗಂದರೆ ಅವರ ಭಾಷೆಯಲ್ಲಿ ಅಮ್ಮ. ಮದುವೆಯಾದ ಹೆಂಗಸರನ್ನೆಲ್ಲ ಹಾಗೇ ಕರೆಯುವುದು. ಮೂವತ್ತೆರಡು ವರ್ಷಕ್ಕೇ ಅಮ್ಮನೆನಿಸಿಕೊಂಡದ್ದಕ್ಕೆ ಮೊದಲ ವಾರ ಸಿಟ್ಟು ಬಂತು. ನಮ್ಮೂರಿನ ಬಸ್ ಕಂಡಕ್ಟರು "ಮುಂದೆ ಹೋಗಮ್ಮಾ" ಅಂದಾಗ ಬಾರದ ಸಿಟ್ಟು ಇಲ್ಲಿ ಯಾಕೆ ಎಂದುಕೊಂಡು ಸುಮ್ಮನಾದೆ. ನಾವಿಬ್ಬರೂ ಮಾತಾಡುತ್ತಿದ್ದದ್ದು ಇಂಗ್ಲಿಷಿನಲ್ಲೇ. ನೆನಪಿನಲ್ಲಿ ಮಾತ್ರ ಅವನ ಮಾತೆಲ್ಲ ಕನ್ನಡದಲ್ಲಿ ಉಳಿದುಕೊಂಡಿದೆ.

ಕೆಲಸ ಹೀಗಿತ್ತು. ಆ ಊರಿನಲ್ಲಿ ಮನೆಮನೆಗೆ ಹೋಗಿ ತುಂಬಿಸಿ ತಂದ ಫಾರಂಗಳು ಎರಡು ದೊಡ್ಡ ರಟ್ಟಿನ ಪೆಟ್ಟಿಗೆಗಳಲ್ಲಿದ್ದವು. ಫಾರಂನಲ್ಲಿ ಹೆಸರಿಲ್ಲ, ಮನೆಯ ನಂಬರು ಮಾತ್ರ. ಹಿಂದಿನ ವಾರದ ಏಳು ದಿನ ಏನೇನು ಮಾಡಿದಿರಿ ಎಂಬ ಪ್ರಶ್ನೆಗೆ ಜನ ಹೇಳಿದ್ದನ್ನು ಅವರ ಭಾಷೆಯಲ್ಲಿ ಬರೆದಿತ್ತು. ಅವನು ಓದಿ ಇಂಗ್ಲಿಷಿನಲ್ಲಿ ಹೇಳಬೇಕು, ನಾನು ಕೋಡಿನ ಪುಸ್ತಕ ನೋಡಿ ಒಂದು ಅಂಕಿ ಬರೆಯಬೇಕು. ಅಂಕಿಗಳನ್ನು ಮಾತ್ರ ಕಂಪ್ಯೂಟರು ತಿನ್ನುತ್ತದೆ. ಸ್ವಂತ ಹೊಲದ ಕೆಲಸ ಒಂದು. ಕೂಲಿ ಎರಡು. ವ್ಯಾಪಾರ ಮೂರು. ಹೀಗೆ ಆರರವರೆಗೆ. ಏಳು, ಎಂಟು ಖಾಲಿ. ಸ್ವಂತದ್ದೂ ಅಲ್ಲದ, ಕೂಲಿಯೂ ಸಿಗದ ಎಲ್ಲದಕ್ಕೂ ಒಂಬತ್ತು. ಒಂಬತ್ತು ಎಂದರೆ ಕೆಲಸವಿಲ್ಲ.

"ಪಕ್ಕದ ಮನೆಯ ಸೂರು ಹೊದಿಸಿದೆ" ಎಂದು ಅವನು ಓದುತ್ತಿದ್ದ.

"ಕೂಲಿ ಕೊಟ್ಟರಾ?"

"ಇಲ್ಲ. ಊಟ ಹಾಕಿದರು."

"ಒಂಬತ್ತು" ಎಂದು ಬರೆಯುತ್ತಿದ್ದೆ. ಇನ್ನೊಬ್ಬರ ಗದ್ದೆ ನಾಟಿ, ಒಂಬತ್ತು. ಸಾವಿನ ಮನೆಯಲ್ಲಿ ಅಡುಗೆ, ಒಂಬತ್ತು. ಸೇತುವೆಗೆ ಬಿದಿರು ಹೊತ್ತದ್ದು, ಒಂಬತ್ತು. ನಾಲ್ಕು ತಿಂಗಳು ನಾನು ಒಂಬತ್ತನ್ನು ಬರೆದಷ್ಟು ಬೇರೆ ಯಾವ ಅಂಕಿಯನ್ನೂ ಬರೆಯಲಿಲ್ಲ. ಸುಳ್ಳೇಕೆ, ಎಂಥ ಸೋಮಾರಿ ಜನರಪ್ಪ ಎಂದು ಮನಸ್ಸಿನಲ್ಲೇ ಬೈದುಕೊಂಡದ್ದೂ ಉಂಟು. ಅವನು ಮಾತ್ರ ಮುಗುಳುನಗುತ್ತ ಮುಂದಿನ ಸಾಲು ಓದುತ್ತಿದ್ದ. ನಡುನಡುವೆ ಪ್ರೊಫೆಸರು ಬಂದು, "ಕೋಡುಗಳೆಲ್ಲ ಸರಿಯಾಗಿವೆಯಲ್ಲ?" ಎಂದು ಕೇಳುತ್ತಿದ್ದರು. ಅವನು ಎದ್ದು ನಿಂತು ಹೂಂ ಎನ್ನುತ್ತಿದ್ದ. ಅವನು ನಿಂತನಲ್ಲ ಎಂದು ನಾನೂ ನಿಂತು ಹೂಂ ಎನ್ನುತ್ತಿದ್ದೆ.

ಪೆಟ್ಟಿಗೆ ತಳ ಕಾಣುವ ಹೊತ್ತಿಗೆ ಪ್ರೊಫೆಸರು ವರದಿಯ ಕರಡು ಬರೆದು ನಮಗೊಂದು ಪ್ರತಿ ಕೊಟ್ಟರು. ಊರಿನ ದೊಡ್ಡವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹೆಚ್ಚಿನ ದಿನ ಸುಮ್ಮನೆ ಕೂತಿರುತ್ತಾರೆ. ಊರಿಗೆ ಇಷ್ಟು ಜನ ಬೇಕಾಗಿಲ್ಲ. ಭವಿಷ್ಯ: ಇಲ್ಲ. ಇದಕ್ಕೆ ಬಳಸಿದ ಕೋಡುಗಳನ್ನು "ಏಷ್ಯಾದ ಹಳ್ಳಿಯ ಬದುಕನ್ನು ಒಳಗಿನಿಂದ ಬಲ್ಲ ಇಬ್ಬರು" ಪರಿಶೀಲಿಸಿ ಒಪ್ಪಿದ್ದಾರೆ ಎಂದೂ ಇತ್ತು. ಆ ಇಬ್ಬರಲ್ಲಿ ಒಬ್ಬಳು, ಮುಂಜಿಯೂಟ ಉಂಡು ಹೊಟ್ಟೆ ಕೆಡಿಸಿಕೊಂಡ ನಾನು.

ಅದೇ ವಾರ ನಲವತ್ತೊಂದನೆಯ ಮನೆಯ ಫಾರಂ ಬಂತು. ವಿಧವೆ, ಐವತ್ತೈದು ವರ್ಷ, ಜೊತೆಯಲ್ಲಿ ಓದುವ ಮಗಳೊಬ್ಬಳು. ಅವನು ಓದಿದ: ಸೋಮವಾರ, ಸಾವಿನ ನಲವತ್ತನೆಯ ದಿನದ ಊಟಕ್ಕೆ ನೆರೆಮನೆಯಲ್ಲಿ ಅಡುಗೆ. ಮಂಗಳವಾರ ಇನ್ನೊಬ್ಬರ ಗದ್ದೆ ನಾಟಿ. ಬುಧವಾರ ಬಾಣಂತಿಗೆ ಮೈ ನೀವಿ, ಕೂಸಿಗೆ ನೀರು ಹಾಕಿದ್ದು. ಗುರುವಾರವೂ ಅದೇ. ಶುಕ್ರವಾರ, ಶನಿವಾರ ಬಿದಿರಿನ ಸೇತುವೆಯ ಕೆಲಸದವರಿಗೆ ಅನ್ನ ಬೇಯಿಸಿದ್ದು. ನಾನು ಒಂಬತ್ತು, ಒಂಬತ್ತು, ಒಂಬತ್ತು ಎಂದು ಬರೆಯುತ್ತ ಹೋದೆ. ಕೊನೆಗೆ ಒಟ್ಟು ಕೆಲಸದ ಗಂಟೆ ಎಂಬಲ್ಲಿ ಸೊನ್ನೆ ಸುತ್ತಿದೆ. ಮುಂದಿನ ಫಾರಂ ಬರಲಿಲ್ಲ. ತಲೆಯೆತ್ತಿ ನೋಡಿದರೆ ಅವನು ಆ ಹಾಳೆಯ ಮೂಲೆಯನ್ನು ಹೆಬ್ಬೆರಳಿನಲ್ಲಿ ಸವರುತ್ತ ಕೂತಿದ್ದ. ಅಲ್ಲಿ ಮನೆಯ ಗುರುತಿಗೆಂದು ಸಣ್ಣ ಚಿತ್ರ ಬರೆದಿದ್ದರು: ಹಿಂದೆ ಬಾವಿ, ಮುಂದೆ ಹಲಸಿನ ಮರ.

"ಈ ಮರ ನಾನು ನೆಟ್ಟದ್ದು, ಇಬು" ಎಂದ. ಆಗಲೂ ಮುಖದಲ್ಲಿ ಅದೇ ನಗು.

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವನ ಮೇಲೆ ಎಲ್ಲಿಲ್ಲದ ಕೋಪ ಬಂತು. ನಾಲ್ಕು ತಿಂಗಳು ಅವನದೇ ಊರನ್ನು, ಅವನ ಮಾವಂದಿರನ್ನು, ಗೆಳೆಯರನ್ನು ಒಬ್ಬೊಬ್ಬರನ್ನಾಗಿ ನನ್ನ ಕೈಲಿ ಸೋಮಾರಿಗಳ ಪಟ್ಟಿಗೆ ಹಾಕಿಸಿ, ಈಗ ಹೆತ್ತ ತಾಯಿಯನ್ನೂ ಸೇರಿಸಿ ನಗುತ್ತ ಕೂತಿದ್ದಾನೆ!

"ಮೊದಲೇ ಯಾಕೆ ಬಾಯಿ ಬಿಡಲಿಲ್ಲ? ನಿಮ್ಮಮ್ಮನನ್ನು ಮನೆ ಬಿಡಿಸಿ ಕಾಡಿಗೆ ಕಳಿಸುತ್ತಾರೆ, ಗೊತ್ತಾ?"

"ಪ್ರೊಫೆಸರು ಗುರುಗಳು. ಅವರು ಮಾಡಿದ ಪುಸ್ತಕ ತಪ್ಪು ಅಂತ ನಾನು ಹೇಗೆ ಹೇಳಲಿ?" ಎಂದ. ಸ್ವಲ್ಪ ತಡೆದು, "ನೀವು ಹೂಂ ಅನ್ನುತ್ತಿದ್ದಿರಿ. ಇಂಡಿಯಾದಲ್ಲಿ ಇದನ್ನೆಲ್ಲ ಕೆಲಸ ಅನ್ನುವುದಿಲ್ಲವೇನೋ ಅಂದುಕೊಂಡೆ" ಎಂದ.

ನಾನಾದರೂ ಹೂಂ ಅಂದದ್ದು ಯಾಕೆ? ಜಾವಾದವನೇ ಒಪ್ಪುತ್ತಿದ್ದಾನಲ್ಲ ಎಂದು. ಅವನು ಒಪ್ಪಿದ್ದು ನಾನು ಒಪ್ಪಿದೆನೆಂದು, ಪ್ರೊಫೆಸರು ಒಪ್ಪಿದ್ದು ನಾವಿಬ್ಬರೂ ಒಪ್ಪಿದೆವೆಂದು. ಮೇಷ್ಟರ ಎದುರು ಇಲ್ಲ ಎನ್ನಬಾರದೆಂದು ಕಲಿತ ಇಬ್ಬರು ಒಂದೇ ಮೇಜಿನಲ್ಲಿ ಕೂತರೆ ಒಂದು ಊರನ್ನೇ ಎತ್ತಿ ಸಮುದ್ರದಾಚೆ ಇಡಬಹುದು ಎಂದು ನನಗೆ ಅವತ್ತು ತಿಳಿಯಿತು. ಇನ್ನೊಂದು ವಿಷಯವೂ ಚುಚ್ಚಿತು. ಎರಡು ವರ್ಷದ ಹಿಂದೆ ಕ್ಯುಪರ್ಟಿನೋದ ನನ್ನ ಗೆಳತಿ ಹೆತ್ತಾಗ, ಊರಿಂದ ಅವಳ ತಾಯಿಗೆ ವೀಸಾ ಸಿಗದೆ, ಹದಿನೈದು ದಿನ ನಾನೇ ಅವಳ ಮನೆಯಲ್ಲಿದ್ದು ಬಾಣಂತನ ಮಾಡಿದ್ದೆ. ಮೆಣಸಿನ ಸಾರು ಮಾಡಿದ್ದೆ, ಮಗುವಿಗೆ ಎಣ್ಣೆ ನೀರು ಹಾಕಿದ್ದೆ. ಅದೇ ತಿಂಗಳು ಯಾವುದೋ ಆಸ್ಪತ್ರೆಯ ಫಾರಂನಲ್ಲಿ ಉದ್ಯೋಗ ಎಂಬಲ್ಲಿ "ಇಲ್ಲ" ಎಂದು ನನ್ನ ಕೈಯಾರೆ ಬರೆದುಕೊಟ್ಟಿದ್ದೆ. ಅದನ್ನೂ ಯಾರೂ ಬಲವಂತ ಮಾಡಿ ಬರೆಸಿರಲಿಲ್ಲ.

ವರದಿ ಕಳಿಸಲು ಐದು ವಾರವಿತ್ತು. ಪ್ರೊಫೆಸರಿಗೆ ಹೇಳಲೇಬೇಕು. ಆದರೆ ತಪ್ಪು ಎನ್ನಬಾರದು. ಎರಡು ದಿನ ಯೋಚಿಸಿ, ಮೂರನೆಯ ದಿನ ಚಿತ್ರಾನ್ನ ಮಾಡಿಕೊಂಡು ಹೋದೆ. ಅವನು ಹುರಿದ ಕಡಲೇಕಾಯಿಯ ಚಟ್ನಿಯಂಥದ್ದೇನೋ ತಂದ. ಪ್ರೊಫೆಸರು ಎರಡನೇ ಸಲ ಬಡಿಸಿಕೊಳ್ಳುವವರೆಗೂ ಹವಾಮಾನದ ಬಗ್ಗೆ ಮಾತಾಡಿದೆವು. ಆಮೇಲೆ ನಾನು, ಕೋಡಿನ ಪುಸ್ತಕ ಎಷ್ಟು ಅಚ್ಚುಕಟ್ಟಾಗಿದೆಯೆಂದರೆ ಏಳನೆಯ ಅಂಕಿ ಖಾಲಿ ಇರುವುದನ್ನು ನೋಡಿದರೆ ಬೇಜಾರಾಗುತ್ತದೆ ಎಂದೆ. ಕೂಲಿಯಿಲ್ಲದೆ ಇನ್ನೊಬ್ಬರಿಗೆ ಮಾಡಿದ ಕೆಲಸವನ್ನು ಅಲ್ಲಿಗೆ ಹಾಕಿದರೆ ಪುಸ್ತಕ ತುಂಬಿದಂತಾಗುತ್ತದೆ ಎಂದ ಅವನು. ಇವತ್ತು ನನಗೆ ಮಾಡಿದವರಿಗೆ ನಾಳೆ ನಾನು ಮಾಡುತ್ತೇನೆ, ಅದು ನಮ್ಮಲ್ಲಿ ತಪ್ಪುವುದಿಲ್ಲ ಎಂದೂ ಸೇರಿಸಿದ. ಅವನು ಅಷ್ಟು ಉದ್ದ ಮಾತಾಡಿದ್ದನ್ನು ಪ್ರೊಫೆಸರೂ ನಾನೂ ಕೇಳಿದ್ದು ಅದೇ ಮೊದಲು.

ಪ್ರೊಫೆಸರು ಕುರ್ಚಿಯಿಂದ ಎದ್ದೇಬಿಟ್ಟರು. "ಎಷ್ಟು ಒಳ್ಳೆಯ ಯೋಚನೆ! ಮೊದಲೇ ಯಾಕೆ ಹೇಳಲಿಲ್ಲ?"

ನಾನು ಅವರಿಗೆ ಇನ್ನೊಂದಿಷ್ಟು ಚಿತ್ರಾನ್ನ ಬಡಿಸಿದೆ.

ಎಲ್ಲ ಫಾರಂಗಳನ್ನೂ ಮತ್ತೆ ಮೊದಲಿನಿಂದ ನೋಡಬೇಕು, ಆಫೀಸಿನ ವೇಳೆಯಲ್ಲಿ ಅದು ಮುಗಿಯುವುದಿಲ್ಲ. ಹೀಗಾಗಿ ಶನಿವಾರಗಳಂದು ಪೆಟ್ಟಿಗೆಗಳ ಜೊತೆ ಅವನೂ ನಮ್ಮ ಅಪಾರ್ಟ್‌ಮೆಂಟಿಗೆ ಬರತೊಡಗಿದ. ಊಟದ ಮೇಜು, ಸೋಫಾ, ಕಾರ್ಪೆಟ್ಟು ಎಲ್ಲವೂ ಜಾವಾ ಆಯಿತು. ಗಂಡ ಕಾಫಿ ಲೋಟ ಇಡಲು ಜಾಗ ಹುಡುಕುತ್ತ ಗೊಣಗಿದ.

"ಅಲ್ಲಾ ಕಣೆ, ಎಲ್ಲೋ ಯಾರೋ ಬಿದಿರು ಹೊತ್ರೆ ನನ್ ವೀಕೆಂಡು ಯಾಕ್ ಹಾಳಾಗ್ಬೇಕು? ಓವರ್‌ಟೈಮ್ ಆದ್ರೂ ಕೊಡ್ತಾರಾ?"

"ಕೊಡಲ್ಲ. ನೀವು ಆ ಕಟ್ಟು ತಗೊಂಡು ಒಂಬತ್ತು ಇರೋ ಕಡೆಯೆಲ್ಲ ಪೆನ್ಸಿಲ್‌ನಲ್ಲಿ ಗುರುತು ಹಾಕಿ" ಅಂದೆ.

ಗಂಡ ಹಾಕಿದ. ಮೊದಲು ನಮ್ಮ ಮೇಲಿನ ದಯೆಯಿಂದ, ಆಮೇಲೆ ಇಂಜಿನಿಯರ ಹಟದಿಂದ. ಕ್ಯುಪರ್ಟಿನೋದಿಂದ ಗೆಳತಿಯೂ ಮಗುವನ್ನೆತ್ತಿಕೊಂಡು ಬಂದಳು. ಹಾಸನದವಳು, ಬಾಯಿ ಜೋರು. ಇದೇನು ಕೆಲಸವೆಂದು ಕೇಳಿ ತಿಳಿದುಕೊಂಡು ಬಿದ್ದುಬಿದ್ದು ನಕ್ಕಳು.

"ಏನೇ ಇದು, ನಾವ್ ಮಾಡೋದ್ನೆಲ್ಲ ಕೆಲಸ ಅಲ್ಲ ಅಂತ ಬರ್ದು, ಈಗ ಕೆಲಸ ಅಂತ ತಿದ್ದೋದಕ್ಕೂ ಬಿಟ್ಟಿ ಕೆಲಸ ಮಾಡ್ಬೇಕಾ? ಹಂಗಾದ್ರೆ ನಂಗೂ ಒಂದ್ ಏಳು ಬರ್ಕೊಳ್ಳೆ. ಹೋದ್ ವಾರ ಪೂರ್ತಿ ನಂದು ಏಳೇ."

ಜಾವಾದ ಹುಡುಗನಿಗೆ ಕನ್ನಡ ಬಾರದು. ಆದರೂ ಅವಳು ನಕ್ಕಾಗಲೆಲ್ಲ ನಗುತ್ತಿದ್ದ. ಮಧ್ಯಾಹ್ನ ಊಟಕ್ಕೆ ಕರೆದರೆ ಹಸಿವಿಲ್ಲ ಎನ್ನುತ್ತಿದ್ದ. ಎರಡನೇ ಸಲ ಕರೆದರೂ ಹಸಿವಿಲ್ಲ. ಮೂರನೇ ಸಲಕ್ಕೆ ಬಂದು ಕೂತು ಮೂರು ಸಲ ಅನ್ನ ಹಾಕಿಸಿಕೊಳ್ಳುತ್ತಿದ್ದ. ನಮ್ಮವರ ಪೈಕಿಯೇ ಸರಿ ಎಂದು ಗಂಡ ತೀರ್ಪು ಕೊಟ್ಟ. ಊಟ ಮಾಡುತ್ತ ಹುಡುಗ ತಮ್ಮೂರ ಹೊಳೆಯ ವಿಷಯ ಹೇಳಿದ. ಪ್ರತಿ ವರ್ಷ ಮಳೆಗೆ ಮೊದಲು ಊರೆಲ್ಲ ಸೇರಿ ಬಿದಿರಿನ ಸೇತುವೆ ಕಟ್ಟುತ್ತಾರೆ. ಪ್ರತಿ ವರ್ಷ ಹೊಳೆ ಅದನ್ನು ಕೊಚ್ಚಿಕೊಂಡು ಹೋಗುತ್ತದೆ, ಹೆಚ್ಚಾಗಿ ಡಿಸೆಂಬರಿನ ಪರೀಕ್ಷೆಯ ಹೊತ್ತಿಗೇ. ಅವನ ತಂಗಿ ಎರಡು ವರ್ಷ ಪರೀಕ್ಷೆ ತಪ್ಪಿಸಿಕೊಂಡಿದ್ದಳು. ಮೂರನೆಯ ವರ್ಷವೂ ತಪ್ಪಿದರೆ ಶಾಲೆ ಬಿಡಿಸಿ ಮದುವೆ ಮಾಡಬೇಕೆಂದು ನೆಂಟರು ಅಮ್ಮನ ತಲೆ ತಿನ್ನುತ್ತಿದ್ದರು. ಇದನ್ನೂ ಅವನು ನಗುತ್ತಲೇ ಹೇಳಿದ. ಗೆಳತಿ ನಗಲಿಲ್ಲ.

ಮೂರನೆಯ ಶನಿವಾರ ಸಂಜೆ ಕೊನೆಯ ಫಾರಂ ಮುಗಿಯಿತು. ನಲವತ್ತೊಂದನೆಯ ಮನೆಯ ಸೊನ್ನೆಯನ್ನು ಅಳಿಸಿ, ಆರು ದಿನದ ಗಂಟೆಗಳನ್ನು ನಾನೇ ಕೂಡಿಸಿ ಬರೆದೆ. ಸಣ್ಣ ಅಂಕಿಯಾಗಿರಲಿಲ್ಲ.

ಹೊಸ ಲೆಕ್ಕ ಕಂಪ್ಯೂಟರಿನಿಂದ ಹೊರಬಂದಾಗ ಪ್ರೊಫೆಸರ ಕಣ್ಣರಳಿತು. ಆ ಊರಿನಲ್ಲಿ ಸುಮ್ಮನೆ ಕೂತವರೇ ಇರಲಿಲ್ಲ. ಹುಡುಗರಿಂದ ಮುದುಕಿಯರವರೆಗೆ ಎಲ್ಲರೂ ಯಾರಿಗೋ ಏನನ್ನೋ ಮಾಡುತ್ತಿದ್ದರು. ಪ್ರೊಫೆಸರು ಆ ವಾರವೆಲ್ಲ ಬಾಗಿಲು ಹಾಕಿಕೊಂಡು ಕೊನೆಯ ಅಧ್ಯಾಯವನ್ನು ತಿದ್ದಿ ಬರೆದರು. ಸೇತುವೆ ಬಂದಂತೆಯೇ ಎಂದು ನಾನು ಮನೆಯಲ್ಲಿ ಪಾಯಸ ಕೂಡ ಮಾಡಿದೆ.

ವರದಿಯ ಅಚ್ಚಾದ ಪ್ರತಿ ಬಂದ ದಿನ ನಾವಿಬ್ಬರೂ ಮೊದಲು ತೆರೆದದ್ದು ಕೊನೆಯ ಪುಟವನ್ನು. ಗುರುತು ಮೊದಲನೆಯ ಚೌಕದಲ್ಲಿತ್ತು. ಭವಿಷ್ಯ: ಒಳ್ಳೆಯದು. ಕೆಳಗೆ ವಿವರಣೆ: ಈ ಊರಿನವರು ಪರಸ್ಪರ ಸಹಾಯದ ಅಪರೂಪದ ವ್ಯವಸ್ಥೆಯಿಂದ ತಮ್ಮ ಅಗತ್ಯಗಳನ್ನು ತಾವೇ ನೋಡಿಕೊಳ್ಳುತ್ತಿದ್ದಾರೆ, ಸೇತುವೆಯನ್ನು ಕೂಡ ತಾವೇ ಕಟ್ಟಿಕೊಳ್ಳುತ್ತಾರೆ. ಆದ್ದರಿಂದ ಹೊರಗಿನ ನೆರವು ಬೇಕಾಗಿಲ್ಲ.

ನಾನು ಎರಡು ಸಲ ಓದಿದೆ. ಅಳು ಬಂತು, ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು. ಒಂಬತ್ತು ಬರೆದು ಊರು ಬಿಡಿಸಲು ಹೊರಟಿದ್ದೆ, ಏಳು ಬರೆದು ಸೇತುವೆ ತಪ್ಪಿಸಿದೆ. "ನಡಿ, ಈಗಲೇ ಹೋಗಿ ಕೇಳೋಣ" ಎಂದು ಎದ್ದೆ. ಅವನು ನನ್ನ ಕುರ್ಚಿಯನ್ನು ಮೆಲ್ಲನೆ ಹತ್ತಿರಕ್ಕೆಳೆದು ಕೂರಿಸಿದ.

"ಅಮ್ಮ ಅಲ್ಲೇ ಇರುತ್ತಾಳೆ, ಇಬು. ಅಷ್ಟಾಯಿತಲ್ಲ."

ಆದರೂ ಕೇಳಿದೆ, ಚಿತ್ರಾನ್ನವಿಲ್ಲದೆಯೇ. ಪ್ರೊಫೆಸರಿಗೆ ನನ್ನ ದುಃಖ ಅರ್ಥವಾಗಲಿಲ್ಲ. ಇದುವರೆಗೆ ಯಾರಿಗೂ ಸಿಗದ ಚೌಕ ಆ ಊರಿಗೆ ಸಿಕ್ಕಿದೆಯಲ್ಲ ಎಂದರು. ವರದಿ ಆಗಲೇ ಹೋಗಿಯಾಗಿತ್ತು.

ಆ ಬೇಸಿಗೆಯಲ್ಲಿ ಅವನ ಓದು ಮುಗಿಯಿತು. ಪ್ರೊಫೆಸರು ನಮ್ಮ ಆಫೀಸಿನಲ್ಲೇ ಪೂರ್ಣಾವಧಿಯ ಕೆಲಸ ಕೊಡುತ್ತೇನೆಂದರು, ವೀಸಾದ ಕಾಗದಗಳನ್ನೂ ತಾವೇ ನೋಡಿಕೊಳ್ಳುತ್ತೇನೆಂದರು. ಜಾವಾದ ಬೇರೆ ಬೇರೆ ಊರುಗಳ ಪೆಟ್ಟಿಗೆಗಳು ಬರುವುದಿದ್ದವು. ಅವನು ತಲೆತಗ್ಗಿಸಿ, ಎದ್ದು ನಿಂತು, ಜನ್ಮದಲ್ಲಿ ಮೊದಲ ಬಾರಿಗೆ ಗುರುಗಳಿಗೆ ಇಲ್ಲ ಎಂದ. ಅಕ್ಟೋಬರಿನಲ್ಲಿ ಸೇತುವೆ ಕಟ್ಟುತ್ತಾರೆ, ನಮ್ಮ ಮನೆಯಿಂದ ಹೋಗಲು ಗಂಡಸರಿಲ್ಲ, ಅಮ್ಮ ಅಡುಗೆ ಮಾಡಿ ಸರಿದೂಗಿಸುತ್ತಿದ್ದಾಳೆ ಎಂದ. ಒಳ್ಳೆಯ ಭವಿಷ್ಯವಿದ್ದ ಹುಡುಗ ಎಂದು ಪ್ರೊಫೆಸರು ನನ್ನ ಹತ್ತಿರ ಬಹಳ ದಿನ ಕೊರಗಿದರು. ನನಗೆ ಕೊರಗಿಗಿಂತ ಹೊಟ್ಟೆಕಿಚ್ಚಾಯಿತು. ಇಂಥ ತಿಂಗಳು ನೀನು ಬಂದೇ ಬರಬೇಕು ಎಂದು ಕಾಯುವ ಹೊಳೆ ನನ್ನ ಪಾಲಿಗೆ ಎಲ್ಲೂ ಇರಲಿಲ್ಲ.

ಮುಂದಿನ ಫೆಬ್ರುವರಿಯಲ್ಲಿ ಅವನ ಕಾಗದ ಬಂತು. ತೆಳು ನೀಲಿ ಹಾಳೆ, ಪುಟ್ಟ ಅಕ್ಷರ. ಈ ಸಲ ಹೊಳೆಯ ನಡುವೆ ಎರಡು ಕಂಬ ಹೆಚ್ಚು ನೆಟ್ಟರಂತೆ. ಅವನಿಗೆ ಬಿದಿರು ಹೊರುವ ರೂಢಿ ತಪ್ಪಿಹೋಗಿ ಭುಜದ ಚರ್ಮ ಕಿತ್ತುಬಂದು, ಊರಿನವರಿಗೆಲ್ಲ ನಗೆಯಾಯಿತಂತೆ. ಸೇತುವೆ ಜನವರಿಯ ಎರಡನೇ ವಾರದವರೆಗೆ ನಿಂತಿತು. ತಂಗಿ ಎಲ್ಲ ಪರೀಕ್ಷೆಗಳನ್ನೂ ಬರೆದಳು.

ಖುಷಿ ತಡೆಯಲಾರದೆ ಪ್ರೊಫೆಸರಿಗೆ ಹೇಳಿದೆ. ಅವರ ಮುಖ ಬೆಳಗಿತು.

"ನೋಡಿದಿರಾ? ನಾವು ಬರೆದದ್ದೇ ನಿಜವಾಯಿತು. ನೆರವಿಲ್ಲದೆಯೇ ಆಯಿತಲ್ಲ! ಆ ಕಾಗದ ಕೊಡಿ, ಫೈಲಿಗೆ ಹಾಕೋಣ. ಮುಂದಿನ ಊರುಗಳ ವರದಿಗೆ ಒಳ್ಳೆಯ ಸಾಕ್ಷಿಯಾಗುತ್ತದೆ."

ಕಾಗದ ನನ್ನ ಕೈಚೀಲದಲ್ಲೇ ಇತ್ತು. ಮನೆಯಲ್ಲಿ ಬಿಟ್ಟು ಬಂದಿದ್ದೇನೆ ಎಂದೆ. ನಾಳೆ ತನ್ನಿ ಎಂದರು. ಅವರು ಕೇಳಿದಾಗಲೆಲ್ಲ ಮರೆತೆ ಎಂದೆ, ಅವರು ಕೇಳುವುದನ್ನು ಬಿಡುವವರೆಗೂ.